ಸಲಾಲದಲ್ಲಿ ಮೂರು ರಾತ್ರಿ, ಒಂದು ಬೀಗ

ಜುಲೈ ತಿಂಗಳು ಬಂತೆಂದರೆ ಮಸ್ಕತ್‌ನಲ್ಲಿರುವ ನಮ್ಮವರ ಬಾಯಲ್ಲಿ ಒಂದೇ ಮಾತು: “ಈ ಸಲ ಸಲಾಲಕ್ಕೆ ಹೋಗುವುದಿಲ್ಲವಾ?” ಊರಿನಲ್ಲಿ ಆಗ ಆಷಾಢದ ಜಡಿಮಳೆ. ಇಲ್ಲಿ ರುವಿಯ ರಸ್ತೆಯಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಊರಿಗೆ ಬರುವ ಅದೇ ನೈಋತ್ಯ ಮುಂಗಾರು ಒಮಾನಿನ ದಕ್ಷಿಣದ ದೋಫಾರ್ ಬೆಟ್ಟಗಳಿಗೂ ತಾಗಿ, ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಲಾಲದ ಮೇಲೆ ಮಂಜು ಮತ್ತು ಹನಿಮಳೆ ಸುರಿಸುತ್ತದೆ. ಇಲ್ಲಿಯವರು ಅದನ್ನು ಖರೀಫ್ ಎನ್ನುತ್ತಾರೆ. ನಮ್ಮ ರೈತರು ಮುಂಗಾರು ಬೆಳೆಗೆ ಹೇಳುವ ಹೆಸರೂ ಅದೇ.

ಹಾಗಾಗಿ ಸಂಘದ ಹಿರಿಯರು “ಸಲಾಲಕ್ಕೆ ಹೋಗಿ ಬಂದಿರಲ್ಲ, ಈ ತಿಂಗಳ ಪತ್ರಿಕೆಗೆ ಒಂದು ಪ್ರವಾಸದ ಲೇಖನ ಕೊಡಿ” ಎಂದಾಗ ಒಪ್ಪಿಕೊಂಡೆವು. ಬರೆಯಲು ಕೂತಾಗ ಜಲಪಾತ, ಒಂಟೆ, ಎಳನೀರು ಯಾವುದೂ ಮುಂದೆ ಬರಲಿಲ್ಲ. ಬಂದದ್ದು ಒಂದು ಬಾಗಿಲಿನ ಬೀಗ. ಆದ್ದರಿಂದ ಓದುಗರು ಕ್ಷಮಿಸಬೇಕು, ಇದು ಬೀಗದ ಕಥೆ.

ನಾವು ಎಂದರೆ ಎರಡು ಕುಟುಂಬ. ನಾವು ಕುಂದಾಪುರದವರು, ಜೊತೆಗೆ ಬಂದ ಗೆಳೆಯರು ಪುತ್ತೂರಿನ ಕಡೆಯವರು. ಇಬ್ಬರೂ ಒಂದೇ ಕಟ್ಟಡ ನಿರ್ಮಾಣ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಅವರು ಕಾರ್ಮಿಕರ ಕ್ಯಾಂಪ್ ಮತ್ತು ಸ್ಟೋರ್ ನೋಡಿಕೊಳ್ಳುವವರು. ನಾವು ಬಿ.ಕಾಂ. ಮಾಡಿ ಬಂದವರು, ಲೆಕ್ಕ ನೋಡಿಕೊಳ್ಳುತ್ತೇವೆ. ಈ ವಿವರ ಇಲ್ಲಿ ಯಾಕೆ ಬಂತು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಹಿಜರಿ ಹೊಸ ವರ್ಷದ ರಜೆ ಭಾನುವಾರ ಬಿದ್ದು ವಾರದ ರಜೆಗೆ ಸೇರಿಕೊಂಡಿತು. ಸೋಮವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ. ಸಲಾಲ ಮಸ್ಕತ್‌ನಿಂದ ಸುಮಾರು 1000 ಕಿ.ಮೀ. ವಿಮಾನದಲ್ಲಿ ಹೋಗಬಹುದು, ಆದರೆ ಎಂಟು ಜನರ ಟಿಕೆಟ್ ಲೆಕ್ಕ ಹಾಕಿದಾಗ ಕಾರೇ ವಾಸಿ ಎನಿಸಿತು. ಹೋಟೆಲ್ ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ಲೆಕ್ಕದವರಲ್ಲವಾ, ಕಡಿಮೆಗೆ ಹುಡುಕುತ್ತಾರೆ ಎಂದು. ಖರೀಫ್ ಸಮಯದಲ್ಲಿ ಸೌದಿ, ಎಮಿರೇಟ್ಸ್, ಕತಾರ್ ಎಲ್ಲ ಕಡೆಯಿಂದ ಜನ ಬರುವುದರಿಂದ ಸಲಾಲದಲ್ಲಿ ಬಾಡಿಗೆ ಏರಿರುತ್ತದೆ. ಮೊಬೈಲಿನಲ್ಲಿ ನಾಲ್ಕು ರಾತ್ರಿ ಕೂತು ನೋಡಿ, ಎರಡು ಬೆಡ್‌ರೂಮಿನ ಒಂದು ಹೋಟೆಲ್ ಅಪಾರ್ಟ್‌ಮೆಂಟ್ ಗೊತ್ತುಮಾಡಿದೆವು. ರಾತ್ರಿಗೆ 45 ರಿಯಾಲ್, ಮೂರು ರಾತ್ರಿಗೆ 135. ಇಬ್ಬರು ಹಂಚಿಕೊಂಡರೆ 67.500. ಫೋಟೋದಲ್ಲಿ ಬಿಳಿ ಹಾಸಿಗೆ, ಹೊಳೆಯುವ ಟೈಲ್ಸ್, ಕಿಟಕಿಯಲ್ಲಿ ತೆಂಗಿನಮರ. “ಅಡಿಗೆಮನೆ ಉಂಟು, ಲಾಕರ್ ಉಂಟು, 24 ಗಂಟೆ ಸೆಕ್ಯುರಿಟಿ ಉಂಟು” ಎಂದು ಬರೆದಿತ್ತು. ಇದಕ್ಕಿಂತ ಒಳ್ಳೆಯದು ಬೇಕೆಂದರೆ 75 ಕೊಡಬೇಕಿತ್ತು. ಉಳಿತಾಯ ಮಾಡಿದೆವೆಂದು ಮನೆಯಲ್ಲಿ ಹೇಳಿಕೊಂಡು ಬೀಗಿದ್ದೂ ಆಯಿತು.

ಶುಕ್ರವಾರ ನಸುಕಿನ ನಾಲ್ಕು ಗಂಟೆಗೆ ಹೊರಟೆವು. ಎರಡು ಕಾರು. ಡಬ್ಬದಲ್ಲಿ ಪುಳಿಯೋಗರೆ, ಮೊಸರನ್ನ, ಚಪಾತಿಗೆ ಚಟ್ನಿಪುಡಿ. ನಿಜ್ವಾ ದಾಟಿ, ಆದಮ್ ದಾಟಿದ ಮೇಲೆ ಮರಳು ಬಿಟ್ಟರೆ ಬೇರೇನಿಲ್ಲ. ಹೈಮಾ ಸುಮಾರು ಅರ್ಧ ದಾರಿ. ಅಲ್ಲಿ ಪೆಟ್ರೋಲ್ ಹಾಕಿಸಿ ಊಟ ಮಾಡಿದೆವು. ಥುಮ್ರೈತ್ ದಾಟಿ ಬೆಟ್ಟ ಇಳಿಯುವ ತನಕ ಹೊರಗೆ ಕೆಂಡದಂಥ ಬಿಸಿಲು. ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮಂಜು. ಮುಂದಿನ ಕಾರಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಎಸಿ ನಿಲ್ಲಿಸಿ ಗಾಜು ಇಳಿಸಿದೆವು. ಮುಖಕ್ಕೆ ಹನಿ ಬಿತ್ತು. ಹಿಂದಿನ ಸೀಟಿನಲ್ಲಿದ್ದ ನಮ್ಮ ಮನೆಯವರು “ಆಗುಂಬೆ ಘಾಟಿಯ ಹಾಗೇ ಉಂಟಲ್ಲಾ” ಎಂದರು, ಮತ್ತೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ ಆಗುಂಬೆಗೂ ಇದಕ್ಕೂ ಹೋಲಿಕೆ ಇಲ್ಲ. ಸಲಾಲದಲ್ಲಿ ಇಡೀ ವರ್ಷ ಬೀಳುವ ಮಳೆ ನಮ್ಮ ಕರಾವಳಿಯಲ್ಲಿ ಒಂದೇ ಜೋರು ದಿನದಲ್ಲಿ ಬಿದ್ದುಹೋಗುತ್ತದೆ. ಆದರೂ ಬಾಳೆತೋಟ, ತೆಂಗು, ಪಪ್ಪಾಯಿ, ರಸ್ತೆಬದಿಯಲ್ಲಿ ಎಳನೀರು ಕೆತ್ತುವ ಅಂಗಡಿಗಳ ಸಾಲು ನೋಡಿದರೆ, ಊರು ತಪ್ಪಿ ಇಲ್ಲಿ ಬಂದು ಕೂತಿದೆಯೋ ಎನಿಸುತ್ತದೆ.

ಹೋಟೆಲ್ ತಲುಪಿದಾಗ ಸಂಜೆ ಐದೂವರೆ. ನಾಲ್ಕು ಮಹಡಿಯ ಕಟ್ಟಡ. ಲಿಫ್ಟಿನ ಮೇಲೆ “ಕೆಟ್ಟಿದೆ” ಎಂಬ ಕಾಗದ. ಆ ಕಾಗದವೇ ಹಳದಿ ತಿರುಗಿತ್ತು, ಅಂದರೆ ಲಿಫ್ಟ್ ಕೆಟ್ಟು ಎಷ್ಟು ಕಾಲವಾಗಿರಬೇಕು ನೋಡಿ. ರಿಸೆಪ್ಶನ್‌ನಲ್ಲಿ ಮಲಪ್ಪುರಂ ಕಡೆಯ ಒಬ್ಬ ಹುಡುಗ. ಇಪ್ಪತ್ತೈದು, ಇಪ್ಪತ್ತಾರು ವಯಸ್ಸು ಇರಬಹುದು. ನಮ್ಮ ಪುತ್ತೂರಿನ ಗೆಳೆಯರಿಗೆ ಮಲಯಾಳ ಚೆನ್ನಾಗಿ ಬರುತ್ತದೆ. 20 ರಿಯಾಲ್ ಡಿಪಾಜಿಟ್ ಕಟ್ಟಿಸಿಕೊಂಡು ಮೂರನೇ ಮಹಡಿಯ ಫ್ಲಾಟಿನ ಬೀಗದಕೈ ಕೊಟ್ಟ. ಅವನ ತಲೆಯ ಹಿಂದೆ ಸಿಸಿಟಿವಿ ಪರದೆ. ಎಂಟು ಚೌಕಗಳಲ್ಲಿ ಆರು ಕಪ್ಪು.

ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ. ಕಿಟಕಿಯ ಕೆಳಗೆ ಗೋಡೆಯ ಬಣ್ಣ ಗುಳ್ಳೆಯೆದ್ದು ಉದುರಿತ್ತು, ಅದರ ಹಿಂದೆ ಕರಿ ಬೂಷ್ಟು. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಯಾರೋ ಒಂದು ಪೇಂಟ್ ಡಬ್ಬ ಇಟ್ಟಿದ್ದರು. ಅಡಿಗೆಮನೆಯ ನಾಲ್ಕು ಒಲೆಯಲ್ಲಿ ಕಾಯುವುದು ಒಂದೇ. ಬಾತ್‌ರೂಮಿನ ಗೀಸರ್ ತಂತಿಗೆ ಸುತ್ತಿದ್ದ ಟೇಪು ಬಿಟ್ಟುಕೊಂಡು ತಾಮ್ರ ಕಾಣುತ್ತಿತ್ತು. ಗೆಳೆಯರು ಅದನ್ನು ನೋಡಿದ್ದೇ ಮೇನ್ ಸ್ವಿಚ್ ಹುಡುಕಿ ಆ ಲೈನು ಆಫ್ ಮಾಡಿದರು. “ಇದು ಬೇಡ ಮಾರಾಯ್ರೆ, ಮಕ್ಕಳು ಒದ್ದೆ ಕೈ ಹಾಕಿದರೆ ಕಷ್ಟ. ಒಲೆಯಲ್ಲೇ ನೀರು ಕಾಯಿಸುವ.” ಹೊಗೆ ಕಂಡರೆ ಕೂಗುವ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಹಿಂದಿನ ಮೆಟ್ಟಿಲಿನ ತುರ್ತು ಬಾಗಿಲಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದರು. ಲಾಕರ್ ಇತ್ತು, ಸುಳ್ಳು ಹೇಳಬಾರದು. ಬ್ಯಾಟರಿ ಇರಲಿಲ್ಲ, ಗೋಡೆಗೆ ಕೂರಿಸಿಯೂ ಇರಲಿಲ್ಲ. ಬೇಕಾದರೆ ಲಾಕರನ್ನೇ ಕಂಕುಳಲ್ಲಿಟ್ಟು ಹೋಗಬಹುದಿತ್ತು.

ಮಳೆಯ ಊರಿನಲ್ಲಿ ಗೋಡೆ ಒದ್ದೆಯಾಗುವುದು ದೊಡ್ಡ ವಿಷಯವಲ್ಲ. ನಾವು ಹಂಚಿನ ಮನೆಯಲ್ಲೇ ಬೆಳೆದವರು. ಆದರೆ ಮೇ ತಿಂಗಳಲ್ಲಿ ಅಪ್ಪ ಏಣಿ ಇಟ್ಟು ಮಾಡಿನ ಮೇಲೆ ಹತ್ತಿ, ಒಡೆದ ಹಂಚು ತೆಗೆದು ಹೊಸದು ಹಾಕಿ, ದೋಣಿಯಲ್ಲಿ ಸಿಕ್ಕಿದ ಎಲೆಯೆಲ್ಲ ಎಳೆದು ಹಾಕುತ್ತಿದ್ದರು. ಕೈಯಲ್ಲಿ ಹಣವಿಲ್ಲದ ವರ್ಷವೂ ಆ ಕೆಲಸ ತಪ್ಪುತ್ತಿರಲಿಲ್ಲ. ಮಳೆ ಯಾವಾಗ ಬರುತ್ತದೆಂದು ಗೊತ್ತಿದ್ದೂ ಮಾಡು ನೋಡದವನನ್ನು ಊರಿನಲ್ಲಿ ಬಡವ ಎನ್ನುವುದಿಲ್ಲ, ಸೋಮಾರಿ ಎನ್ನುತ್ತಾರೆ. ಈ ಹೋಟೆಲಿಗೆ ಪ್ರತಿ ಜೂನ್‌ನಲ್ಲಿ ಖರೀಫ್ ಬರುತ್ತದೆಂದು ಗೊತ್ತಿಲ್ಲವೇ? ಬಾಡಿಗೆ ಏರಿಸಲು ಗೊತ್ತಿತ್ತಲ್ಲ!

ಕೊನೆಗೆ ನೋಡಿದ್ದು ಬಾಗಿಲು. ಮೊದಲು ಕಾರ್ಡ್ ತೋರಿಸಿ ತೆಗೆಯುವ ಬೀಗವಿತ್ತಂತೆ. ಅದು ಹಾಳಾದ ಮೇಲೆ ಸಾಧಾರಣ ಬೀಗ ಹಾಕಿದ್ದರು. ಒಳಗಿನ ಚಿಲಕ ಕಿತ್ತುಹೋಗಿ ದಾರಂದದಲ್ಲಿ ನಾಲ್ಕು ಸ್ಕ್ರೂವಿನ ತೂತು ಮಾತ್ರ ಉಳಿದಿತ್ತು. ಕೆಳಗೆ ಹೋಗಿ ಹೇಳಿದೆವು. ಹುಡುಗ “ನಾಳೆ ಮಾಡಿಸುತ್ತೇನೆ ಚೇಟ್ಟಾ” ಎಂದ. ಬೇರೆ ಫ್ಲಾಟ್ ಖಾಲಿ ಇಲ್ಲ. ಬೇರೆ ಹೋಟೆಲಿಗೆ ಫೋನ್ ಮಾಡಿದೆವು, ಅಲ್ಲೂ ಇಲ್ಲ. ಹನ್ನೆರಡು ಗಂಟೆ ಕಾರು ಓಡಿಸಿ ಬಂದಿದ್ದೆವು. ಸೋಫಾ ತಳ್ಳಿ ಬಾಗಿಲಿಗೆ ಅಡ್ಡ ಇಟ್ಟು ಮಲಗಿದೆವು.

ಶನಿವಾರ ವಾದಿ ದರ್ಬತ್ ನೋಡಿದೆವು, ಹಸಿರು ಆಗ ತಾನೇ ಚಿಗುರುತ್ತಿತ್ತು. ಮುಘ್ಸೈಲ್‌ನಲ್ಲಿ ಸಮುದ್ರದ ನೀರು ಬಂಡೆಯ ತೂತುಗಳಿಂದ ಕಾರಂಜಿಯಂತೆ ಹಾರುವುದನ್ನು ನೋಡಿ ಮಕ್ಕಳು ಕುಣಿದರು. ರಾತ್ರಿ ಊಟವಾದ ಮೇಲೆ ಹೆಂಗಸರಿಗೆ ಲುಬಾನ್ ಧೂಪ ಕೊಳ್ಳಲು ಸೂಕಿಗೆ ಹೋಗಬೇಕಿತ್ತು. ಮಕ್ಕಳು ದಣಿದಿದ್ದರು, ಬರುವುದಿಲ್ಲ ಎಂದರು. ನಮ್ಮ ದೊಡ್ಡ ಮಗಳಿಗೆ ಹದಿನಾಲ್ಕು. ಅವಳು ಉಳಿದ ಮೂವರನ್ನು ನೋಡಿಕೊಳ್ಳುತ್ತೇನೆ ಎಂದಳು. ಹೊರಗಿನಿಂದ ಬೀಗ ಹಾಕಿ, ಒಂದು ಗಂಟೆಯಲ್ಲಿ ಬರುತ್ತೇವೆಂದು ಹೇಳಿ ಹೊರಟೆವು. ಮಸ್ಕತ್‌ನ ಮನೆಯಲ್ಲಿ ಇದು ನಡೆಯುವ ವಿಷಯವೇ. ಒಮಾನ್ ಎಷ್ಟು ಸುರಕ್ಷಿತ ದೇಶ ಎನ್ನುವುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಒಂಬತ್ತೂಮುಕ್ಕಾಲಕ್ಕೆ ಫೋನ್ ಬಂತು. ಮಗಳು ಪಿಸುಗುಟ್ಟುತ್ತಿದ್ದಳು. “ಅಪ್ಪಾ, ಯಾರೋ ಬಾಗಿಲು ತೆಗೆದು ಒಳಗೆ ಬಂದರು. ನಾವು ಬಾತ್‌ರೂಮಿನಲ್ಲಿದ್ದೇವೆ.”

ಸೂಕಿನಿಂದ ಹೋಟೆಲಿಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವನ್ನು ಇಲ್ಲಿ ಬರೆಯಲು ನಮಗೆ ಬರುವುದಿಲ್ಲ. ಗೆಳೆಯರು ಕಾರು ಓಡಿಸುತ್ತಿದ್ದರು, ನಾವು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಹಿಂದೆ ನಮ್ಮ ಮನೆಯವರು ಮತ್ತು ಅವರ ಮನೆಯವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದರು. ಪೊಲೀಸರ 9999 ಒತ್ತಬೇಕೆಂದು ಹೊಳೆದದ್ದೂ ತಡವಾಗಿ, ಒತ್ತಿದರೆ ಮಗಳ ಕರೆ ತಪ್ಪುತ್ತದೆಂದು ಹೆದರಿಕೆ.

ಮೇಲೆ ಹೋಗಿ ನೋಡಿದರೆ, ಫ್ಲಾಟಿನ ಹೊರಗೆ ಪ್ಯಾಸೇಜಿನಲ್ಲಿ ಒಂದು ಅರಬ್ ಕುಟುಂಬ ಪೆಟ್ಟಿಗೆಗಳ ಜೊತೆ ನಿಂತಿತ್ತು. ಯಜಮಾನರು ನಮಗಿಂತ ಹೆಚ್ಚು ಗಾಬರಿಯಾಗಿದ್ದರು. “ಆಸಿಫ್, ಆಸಿಫ್” ಎಂದು ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದರು. ಅವರಿಗೆ ಸಿಕ್ಕಿದ್ದು ಎದುರಿನ ಫ್ಲಾಟ್. ಕತ್ತಲೆಯಲ್ಲಿ ನಂಬರ್ ಕಾಣದೆ, ಎಡಗಡೆ ಬದಲು ಬಲಗಡೆಯ ಬಾಗಿಲಿಗೆ ಬೀಗದಕೈ ಹಾಕಿದ್ದರು. ಬಾಗಿಲು ತೆರೆದುಕೊಂಡಿತು. ಒಳಗೆ ಮಕ್ಕಳ ಕಿರುಚಾಟ ಕೇಳಿ ಕೂಡಲೇ ಹಿಂದೆ ಸರಿದು, ನಾವು ಬರುವ ತನಕ ಬಾಗಿಲು ಕಾಯುತ್ತಾ ಅಲ್ಲೇ ನಿಂತಿದ್ದರು. ಆ ಯಜಮಾನರ ಹೆಂಡತಿ ಮಕ್ಕಳಿಗೆ ಒಂದು ಡಬ್ಬ ಖರ್ಜೂರ ಕೊಟ್ಟು ಹೋದರು.

ಬಂದವರು ಒಳ್ಳೆಯವರು. ಅದಕ್ಕೆ ದೇವರಿಗೆ ಕೈ ಮುಗಿಯಬೇಕು. ಆದರೆ ಅವರ ಬೀಗದಕೈಗೆ ನಮ್ಮ ಬಾಗಿಲು ತೆರೆದದ್ದು ಹೇಗೆ? ಗೆಳೆಯರು ಅವರ ಒಪ್ಪಿಗೆ ಕೇಳಿ ನಮ್ಮ ಬೀಗದಕೈಯನ್ನು ಎದುರಿನ ಬಾಗಿಲಿಗೆ ಹಾಕಿ ನೋಡಿದರು. ತಿರುಗಿತು. ಸ್ಟೋರಿನಲ್ಲಿ ಅಷ್ಟು ವರ್ಷ ಇದ್ದವರಿಗೆ ಅದು ಆಗಲೇ ಗೊತ್ತಾಯಿತು. ಅಗ್ಗದ ಬೀಗಗಳನ್ನು ಪೆಟ್ಟಿಗೆ ಲೆಕ್ಕದಲ್ಲಿ ಕೊಂಡರೆ ಕೆಲವೊಮ್ಮೆ ಒಂದೇ ಪೆಟ್ಟಿಗೆಯಲ್ಲಿ ಒಂದೇ ಹಲ್ಲಿನ ಬೀಗದಕೈಗಳು ಬರುತ್ತವೆ. ಗೋದಾಮಿಗೆ ಅದು ಅನುಕೂಲ, ಒಂದೇ ಕೈಯಲ್ಲಿ ಎಲ್ಲ ತೆರೆಯಬಹುದು. ಜನ ಮಲಗುವ ಜಾಗಕ್ಕೆ ಅದನ್ನು ಹಾಕಬಾರದು. ಇಲ್ಲಿ ಅದನ್ನೇ ಹಾಕಿದ್ದರು. ಅಂದರೆ ಆ ಮಹಡಿಯಲ್ಲಿ ಎಷ್ಟು ಜನರ ಕೈಯಲ್ಲಿ ನಮ್ಮ ಮನೆಯ ಬೀಗದಕೈ ಇತ್ತೋ!

ಕೆಳಗೆ ಇಳಿದೆವು. ಸಿಟ್ಟು ತಲೆಗೇರಿತ್ತು. ಹುಡುಗನ ಮೇಲೆ ನಾವು ಕೂಗಾಡಿದ್ದು ನಿಜ. ಅವನು ತಿರುಗಿ ಒಂದು ಮಾತೂ ಆಡಲಿಲ್ಲ. ಮೇಜಿನ ಕೆಳಗಿನಿಂದ ಒಂದು ಉದ್ದ ಪುಸ್ತಕ ತೆಗೆದು ನಮ್ಮ ಮುಂದೆ ಬಿಚ್ಚಿಟ್ಟ. ಅದು ದೂರುಗಳ ಪುಸ್ತಕ. ದಿನಾಂಕ, ಫ್ಲಾಟ್ ನಂಬರ್, ಏನು ಕೆಟ್ಟಿದೆ, ಮ್ಯಾನೇಜರಿಗೆ ಯಾವಾಗ ಹೇಳಿದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಲಿಫ್ಟ್, ಗೀಸರ್, ಕ್ಯಾಮೆರಾ. ಬೀಗದ ವಿಷಯ ನಾಲ್ಕು ಸಲ. ಕೊನೆಯ ಕಾಲಂನಲ್ಲಿ ಉದ್ದಕ್ಕೂ ಒಂದೇ ಪದ: ಪೆಂಡಿಂಗ್. “ಮೂವತ್ತು ಫ್ಲಾಟಿಗೆ ರಾತ್ರಿ ನಾನೊಬ್ಬನೇ ಚೇಟ್ಟಾ. ಮಾಲೀಕರಿಗೆ ಹೇಳಿದರೆ ಸೀಸನ್ ಮುಗಿಯಲಿ ಎನ್ನುತ್ತಾರೆ. ಸೀಸನ್ ಮುಗಿದರೆ, ಈಗ ಜನ ಇಲ್ಲವಲ್ಲ, ಯಾಕೆ ಎನ್ನುತ್ತಾರೆ.”

ಗೆಳೆಯರು ಪುಸ್ತಕವನ್ನು ನೋಡುತ್ತಾ ಸುಮ್ಮನೆ ನಿಂತರು. ನಾವೂ ನಿಂತೆವು. ಮತ್ತೆ ಮಾತಿಲ್ಲದೆ ಮೇಲೆ ಬಂದೆವು.

ಆ ರಾತ್ರಿ ಹೆಂಗಸರು, ಮಕ್ಕಳು ಒಂದೇ ಕೋಣೆಯಲ್ಲಿ ಮಲಗಿದರು. ಮಗಳು ಫೋನ್ ಹಿಡಿದುಕೊಂಡೇ ನಿದ್ದೆ ಹೋದಳು. ನಾವಿಬ್ಬರೂ ಸೋಫಾವನ್ನು ಬಾಗಿಲಿಗೆ ತಳ್ಳಿ ಅದರ ಮೇಲೆ ಕೂತೆವು. ಹೊರಗೆ ಸಣ್ಣ ಮಳೆ. ಡಬ್ಬಕ್ಕೆ ಎಸಿ ನೀರು ಬೀಳುವ ಸದ್ದು. ಒಂದು ಗಂಟೆಯ ಹೊತ್ತಿಗೆ ಗೆಳೆಯರು ಕೇಳಿದರು: “ನಾನು ಮಾರ್ಚ್‌ನಲ್ಲಿ ಕಳಿಸಿದ ಕಾಗದ ನೆನಪುಂಟಾ?”

ನೆನಪಿತ್ತು. ಆ ದೂರಿನ ಪುಸ್ತಕ ನೋಡಿದಾಗಲೇ ನೆನಪಾಗಿತ್ತು, ಅವರೇ ಬಾಯಿ ಬಿಡಲಿ ಎಂದು ಕೂತಿದ್ದೆವು.

ನಮ್ಮ ಕಂಪನಿಯ ಕ್ಯಾಂಪಿನಲ್ಲಿ ಹನ್ನೆರಡು ಕೋಣೆ, ಕೋಣೆಗೆ ನಾಲ್ಕು ಜನ, ಒಟ್ಟು 48 ಕಾರ್ಮಿಕರು. ಬಾಗಿಲಿನ ಬೀಗಗಳು ಹಾಳಾಗಿವೆ, ಕೆಲವಕ್ಕೆ ತಂತಿ ಸುತ್ತಿದ್ದಾರೆ, ಸಾಮಾನು ಇಡಲು ಲಾಕರ್ ಇಲ್ಲ ಎಂದು ಗೆಳೆಯರು ಬರೆದಿದ್ದರು. ಬೀಗ 12, ಒಂದಕ್ಕೆ 6.500, ಒಟ್ಟು 78 ರಿಯಾಲ್. ಲಾಕರ್ 48, ಒಂದಕ್ಕೆ 14, ಒಟ್ಟು 672. ಎರಡೂ ಸೇರಿ 750. ನಮ್ಮ ಆಫೀಸಿನಲ್ಲಿ 500 ರಿಯಾಲ್ ಒಳಗಿನ ಖರ್ಚಿಗೆ ನಮ್ಮ ಸಹಿ ಸಾಕು, ಮೇಲಿನದ್ದಕ್ಕೆ ಜನರಲ್ ಮ್ಯಾನೇಜರ್ ಸಹಿ ಬೇಕು. ಆ ತಿಂಗಳು ಎರಡು ಸೈಟಿನಿಂದ ಹಣ ಬಂದಿರಲಿಲ್ಲ. “ಮುಂದಿನ ಕ್ವಾರ್ಟರ್” ಎಂದು ಚೀಟಿ ಅಂಟಿಸಿ ಕಡತದಲ್ಲಿ ಇಟ್ಟೆವು. ಬರೆದದ್ದು ನಮ್ಮದೇ ಕೈ.

ಮೇ ತಿಂಗಳಲ್ಲಿ ಕೊಪ್ಪಳದ ಕಡೆಯ ಒಬ್ಬ ಶಟರಿಂಗ್ ಕಾರ್ಪೆಂಟರ್ ಪೆಟ್ಟಿಗೆಯಿಂದ 210 ರಿಯಾಲ್ ಹೋಯಿತು. ಮಗಳನ್ನು ಕಾಲೇಜಿಗೆ ಸೇರಿಸಲು ಕೂಡಿಟ್ಟ ಹಣ. ರಿಯಾಲಿಗೆ ಇನ್ನೆರಡು ರೂಪಾಯಿ ಏರಲಿ, ಒಟ್ಟಿಗೆ ಕಳಿಸುವ ಎಂದು ಕಾದಿದ್ದನಂತೆ. ಊರಿನ ಲೆಕ್ಕದಲ್ಲಿ 45 ಸಾವಿರ ರೂಪಾಯಿಯ ಹತ್ತಿರ. ನಾವೆಲ್ಲ ಹಾಗೆ ಕಾಯುವವರೇ. ಅವನ ಕೋಣೆಯ ಬಾಗಿಲಿಗೆ ಬೀಗ ಇರಲಿಲ್ಲ. ದೂರು ನಮ್ಮ ಮೇಜಿಗೂ ಬಂತು. “ಸ್ವಂತ ವಸ್ತುಗಳಿಗೆ ಕಂಪನಿ ಜವಾಬ್ದಾರಿಯಲ್ಲ” ಎಂಬ ಸಾಲು ನಿಯಮದಲ್ಲಿ ಇತ್ತು. ಅದನ್ನೇ ಟೈಪ್ ಮಾಡಿ ಕಳಿಸಿದೆವು. ಆ ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದೂ ನೆನಪಿದೆ.

“ನಾನು ಆ ಹುಡುಗನ ಹಾಗೆ ಮತ್ತೆ ಮತ್ತೆ ಬರೆಯಬೇಕಿತ್ತು. ಒಂದೇ ಸಲ ಬರೆದು ಸುಮ್ಮನಾದೆ. ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತ” ಎಂದರು ಗೆಳೆಯರು.

ಲೆಕ್ಕ ಕಲಿಯುವಾಗ ದುರಸ್ತಿ ಮತ್ತು ನಿರ್ವಹಣೆ ಎನ್ನುವುದು ಖರ್ಚಿನ ಬದಿಗೆ ಬರುವ ಒಂದು ಸಾಲು. ಅದನ್ನು ಮುಂದೂಡಿದರೆ ಆ ತಿಂಗಳ ಲಾಭ ಅಷ್ಟರಮಟ್ಟಿಗೆ ಹೆಚ್ಚು ಕಾಣುತ್ತದೆ. ಸವಕಳಿಗಾದರೂ ವರ್ಷಕ್ಕೊಮ್ಮೆ ಒಂದು ನಮೂದು ಉಂಟು. ಬೀಗ ಹಾಕದೆ ಉಳಿಸಿದ 78 ರಿಯಾಲ್ ನಮ್ಮ ಪುಸ್ತಕದಲ್ಲಿ ಉಳಿತಾಯವಾಗಿ ಕೂತಿತು. ಹೋದ 210 ರಿಯಾಲ್ ಯಾವ ಪುಸ್ತಕದಲ್ಲೂ ಇಲ್ಲ. ಇನ್ನೊಂದು ವಿಷಯ ಆ ಸೋಫಾದ ಮೇಲೆ ಕೂತಾಗ ಮೊದಲ ಸಲ ಹೊಳೆಯಿತು. 78 ಎಂದರೆ ನಮ್ಮ ಸಹಿಯ ಮಿತಿಯೊಳಗೇ ಇತ್ತು. ಬೀಗ ಬೇರೆ, ಲಾಕರ್ ಬೇರೆ ಎಂದು ಎರಡು ಕಾಗದ ಮಾಡಿದ್ದರೆ ಮಾರ್ಚ್‌ನಲ್ಲೇ ಬೀಗ ಬಂದಿರುತ್ತಿತ್ತು. ಯಾರನ್ನೂ ಕೇಳಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಮ್ಯಾನೇಜರಿಗೆ ಫೋನ್ ಮಾಡಿದೆವು. ಬೇಕಾದರೆ ಖಾಲಿ ಮಾಡಿ, ಹಣ ವಾಪಸ್ ಇಲ್ಲ ಎಂದರು. ಗೆಳೆಯರು ಹಾರ್ಡ್‌ವೇರ್ ಅಂಗಡಿ ಹುಡುಕಿಕೊಂಡು ಹೋಗಿ ಬೀಗದ ಒಳಗಿನ ಸಿಲಿಂಡರ್ ಮತ್ತು ಒಂದು ಚಿಲಕ ತಂದರು. ಎರಡಕ್ಕೂ ಸೇರಿ 4.200. ಹುಡುಗ ಸ್ಕ್ರೂಡ್ರೈವರ್ ತಂದುಕೊಟ್ಟ, ಕೆಳಗೆ ಕೂತು ಹಿಡಿದುಕೊಂಡ. ಇಪ್ಪತ್ತು ನಿಮಿಷದ ಕೆಲಸ. ತನ್ನ ಜೇಬಿನಿಂದ ಹಣ ಕೊಡಲು ಬಂದ, ನಾವು ಬೇಡವೆಂದೆವು. ಸೋಮವಾರ ಹೊರಡುವಾಗ ಹೊಸ ಬೀಗವನ್ನು ಹಾಗೇ ಬಿಟ್ಟು ಬೀಗದಕೈ ಅವನ ಕೈಗೆ ಕೊಟ್ಟೆವು. ಮೇಲಿನಿಂದ ಫೋನ್ ಬಂತೆಂದು, ಬಾಗಿಲು ಕೊರೆದದ್ದಕ್ಕೆ ಡಿಪಾಜಿಟ್‌ನಲ್ಲಿ 5 ರಿಯಾಲ್ ಹಿಡಿದುಕೊಂಡು 15 ವಾಪಸ್ ಕೊಟ್ಟ. ಕೊಡುವಾಗ ತಲೆ ಎತ್ತಲಿಲ್ಲ. ಜಗಳ ಮಾಡಿದರೆ ಆ 5 ರಿಯಾಲ್ ಯಾರ ಸಂಬಳದಿಂದ ಹೋಗುತ್ತದೆಂದು ನಮಗೆ ಗೊತ್ತಿತ್ತು.

ಪ್ರವಾಸೋದ್ಯಮ ಸಚಿವಾಲಯಕ್ಕೆ ದೂರು ಕೊಡಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಮಾತಾಯಿತು. ಕೊಟ್ಟರೆ ಹುಡುಗನ ಕೆಲಸಕ್ಕೆ ಕುತ್ತು ಬರಬಹುದು, ಕೊಡದಿದ್ದರೆ ಮುಂದಿನ ವಾರ ಇನ್ಯಾರದ್ದೋ ಮಕ್ಕಳು ಆ ಬಾಗಿಲ ಹಿಂದೆ. ಕೊನೆಗೆ ಹಾಸಿಗೆ ಒರಗಿಸಿದ ತುರ್ತು ಬಾಗಿಲು, ಚೀಲ ಕಟ್ಟಿದ ಡಿಟೆಕ್ಟರ್, ಗೀಸರ್ ತಂತಿ, ಒಂದೇ ಹಲ್ಲಿನ ಬೀಗದಕೈಗಳು, ಇಷ್ಟನ್ನೇ ಫೋಟೋ ಸಮೇತ ಬರೆದೆವು. ರಾತ್ರಿ ಪಾಳಿಗೆ ಒಬ್ಬನೇ ಇದ್ದಾನೆ, ಅವನು ದೂರುಗಳನ್ನು ಸರಿಯಾಗಿ ಬರೆದಿಟ್ಟಿದ್ದಾನೆ ಎಂದೂ ಸೇರಿಸಿದೆವು. ಉತ್ತರ ಇನ್ನೂ ಬಂದಿಲ್ಲ.

ಸಲಾಲಕ್ಕೆ ಹೋಗುವವರಿಗೆ ನಮ್ಮ ಅನುಭವದಿಂದ ಒಂದೆರಡು ಮಾತು. ಹಣ ಕಟ್ಟುವ ಮೊದಲು ಹೋಟೆಲಿಗೆ ನೇರ ಫೋನ್ ಮಾಡಿ, ಒಳಚಿಲಕ ಇದೆಯಾ, ರಾತ್ರಿ ಎಷ್ಟು ಜನ ಇರುತ್ತಾರೆ ಎಂದು ಕೇಳಿ. ಕೋಣೆಗೆ ಹೋದ ಕೂಡಲೇ ಪೆಟ್ಟಿಗೆ ಬಿಚ್ಚಬೇಡಿ. ಬಾಗಿಲು, ಕಿಟಕಿ, ತಂತಿ, ತುರ್ತು ದಾರಿ ನೋಡಿ, ಕೆಟ್ಟದ್ದರ ಫೋಟೋ ತೆಗೆದು ರಿಸೆಪ್ಶನ್‌ಗೆ ವಾಟ್ಸ್ಯಾಪ್ ಮಾಡಿ. ದಿನಾಂಕ, ಗಂಟೆ ಅದರಲ್ಲೇ ಉಳಿಯುತ್ತದೆ. ಒಮಾನಿನ ಒಳಗೆ ಓಡಾಡಲು ರೆಸಿಡೆಂಟ್ ಕಾರ್ಡ್ ಸಾಕು, ಪಾಸ್‌ಪೋರ್ಟನ್ನು ಮನೆಯಲ್ಲಿಡಿ. ಬಾಗಿಲಿನ ಕೆಳಗೆ ಸಿಕ್ಕಿಸುವ ರಬ್ಬರಿನ ಬೆಣೆ ಒಂದು ರಿಯಾಲಿನ ಆಸುಪಾಸಿನಲ್ಲಿ ಸಿಗುತ್ತದೆ, ಒಂದು ಚೀಲದಲ್ಲಿರಲಿ. ಮಕ್ಕಳಿಗೆ 9999 ಬಾಯಿಪಾಠ ಮಾಡಿಸಿ. ಮತ್ತು ದೊಡ್ಡವರೊಬ್ಬರು ಮಕ್ಕಳ ಜೊತೆ ಇರಿ. ಇದನ್ನು ಹೇಳುವ ಯೋಗ್ಯತೆ ನಮಗಿಲ್ಲ, ಆದರೂ ಹೇಳುತ್ತೇವೆ.

ಮಂಗಳವಾರ ಆಫೀಸಿಗೆ ಹೋಗಿ ಮೊದಲು ಆ ಕಡತ ತೆಗೆದೆವು. ಚೀಟಿ ಇನ್ನೂ ಅಂಟಿಕೊಂಡಿತ್ತು. ಬೀಗದ ಕಾಗದವನ್ನು ಬೇರೆ ಮಾಡಿ ಅಲ್ಲೇ ಸಹಿ ಹಾಕಿದೆವು. ಲಾಕರಿನ ಕಾಗದ ತೆಗೆದುಕೊಂಡು ಜನರಲ್ ಮ್ಯಾನೇಜರ್ ಹತ್ತಿರ ಹೋದೆವು, ಇಬ್ಬರೂ. “ನಾಲ್ಕು ತಿಂಗಳು ಸುಮ್ಮನಿದ್ದು ಈಗೇನು ಅವಸರ?” ಎಂದರು. ಅವರ ಪ್ರಶ್ನೆ ಸರಿಯೇ. ನಡೆದದ್ದನ್ನು ಹೇಳಿದೆವು. ಈಗ 24 ಲಾಕರ್, ಉಳಿದದ್ದು ಅಕ್ಟೋಬರ್‌ನಲ್ಲಿ ಎಂದು ಬರೆದುಕೊಟ್ಟರು. 210 ರಿಯಾಲ್ ಕೊಡಲು ಒಪ್ಪಲಿಲ್ಲ. ಸಂಬಳದ ಮುಂಗಡವಾಗಿ 100 ಕೊಡಿಸಲು ಆಯಿತು. ಅದು ಸಾಲವೇ, ಪರಿಹಾರವಲ್ಲ.

ಬೀಗಗಳು ಗುರುವಾರ ಬಂದವು. ಗೆಳೆಯರು ಹಾಕಿಸುವ ಮೊದಲು ಒಂದೊಂದು ಬೀಗದಕೈಯನ್ನೂ ಉಳಿದ ಹನ್ನೊಂದು ಬೀಗಕ್ಕೆ ಹಾಕಿ ನೋಡುತ್ತೇನೆಂದು ಕೂತರು. ಹನ್ನೆರಡು ಹನ್ನೊಂದಲೆ 132 ಸಲ. ನಾವೂ ಹೋಗಿ ಕೂತು ಕಾಗದದ ಮೇಲೆ ಗುರುತು ಹಾಕಿದೆವು. ಒಂದೂ ತಿರುಗಲಿಲ್ಲ.

ಸಂಜೆ ಕೆಲಸ ಮುಗಿಸಿ ಬಸ್ಸಿಳಿದ ಕೊಪ್ಪಳದವನು ತನ್ನ ಕೋಣೆಯ ಬಾಗಿಲ ಮುಂದೆ ನಿಂತು ಹೊಸ ಬೀಗವನ್ನು ಎರಡು ಸಲ ಹಾಕಿ ತೆಗೆದು ನೋಡಿದ. ಮಗಳು ಕಾಲೇಜಿಗೆ ಸೇರಿದಳಾ ಎಂದು ಕೇಳಿದೆವು. ಭಾವನ ಹತ್ತಿರ ಸಾಲ ಮಾಡಿ ಸೇರಿಸಿದೆ ಎಂದ. ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾ, ನಮ್ಮ ಮುಖ ನೋಡದೆ ಹೇಳಿದ:

“ಈಗರ ಹಾಕಿದ್ರಲ್ರೀ ಸಾಹೇಬ್ರ. ಚಲೋ ಆತು.”